ಜಿಡ್ಡು ತೆಗೆಯುವ ನೀರು

ನಾಸಿಕ್‌ನ ಆಸ್ಪತ್ರೆಗಳ ಬೆಂಚಿನ ಮೇಲೆ ಕೂತು ಕೂತು ನನ್ನ ಸೊಂಟ ಬಿದ್ದುಹೋಗಿತ್ತು. ನನ್ನ ಗಂಡ ಹರಿದಾಸರ ಬಲಗೈ ನಡುಗತೊಡಗಿದ ಮೇಲೆ ನಮಗೆ ಇದೇ ಕೆಲಸ. ಸಾತಪುರದ ನಮ್ಮ ಹೋಟೆಲನ್ನು ಮಗ ನಿತೀಶನಿಗೆ ಬಿಟ್ಟು ಬರಬೇಕು, ಟೋಕನ್ ಹಿಡಿದು ಕಾಯಬೇಕು. ಈ ಸಲದ ಡಾಕ್ಟರರು ಕಾಯಿಲೆಯ ಹೆಸರು ಹೇಳಿದರು, ಪಾರ್ಕಿನ್ಸನ್ಸ್ ಅಂತ. ಅಷ್ಟಕ್ಕೇ ಬಿಡದೆ ವಿಚಾರಣೆಗೂ ಇಳಿದರು.

ಯಾವ ಬಾವಿಯ ನೀರು ಕುಡಿದಿರಿ, ಹೊಲಕ್ಕೆ ಔಷಧಿ ಹೊಡೆದದ್ದುಂಟೇ? ಈ ರೋಗ ಎಲ್ಲ ಕಡೆಯಿಂದ ಒಂದೇ ಸಮ ಬರುವುದಿಲ್ಲವಂತೆ. ಅವರು ಔರಂಗಾಬಾದಿನಲ್ಲಿದ್ದಾಗ ಸಿಲ್ಲೋಡ್ ಕಡೆಯ ಹತ್ತಿ ಬೆಳೆಗಾರರು ಹೆಚ್ಚು ಬರುತ್ತಿದ್ದರಂತೆ, ಇಲ್ಲಿ ಕಾರ್ಖಾನೆಯಲ್ಲಿ ರಾಸಾಯನಿಕ ಹಾಕಿ ಬಿಡಿಭಾಗಗಳ ಜಿಡ್ಡು ತೊಳೆಯುವವರು. ಅದೇ ಕಾರಣವೆಂದು ಖಚಿತವಾಗಿ ಹೇಳಲಾರೆ ಎಂದೂ ಸೇರಿಸಿದರು.

ನಾವು ಇಡ್ಲಿ ವಡೆ ಮಾರುವವರು, ನಮಗೂ ಕಾರ್ಖಾನೆಗೂ ಏನು ಸಂಬಂಧ ಎಂದು ನಾನು ಮರಾಠಿಯಲ್ಲಿ ಸಿಡುಕಿದೆ.

"ಕೈ ನಡುಗುವ ಮೊದಲು ಮೂಗಿಗೆ ವಾಸನೆ ತಿಳಿಯುವುದು ನಿಂತಿತ್ತೇ?" ಎಂದು ಡಾಕ್ಟರರು ಕೇಳಿದರು.

ಎಷ್ಟೋ ವರ್ಷ ಮೊದಲೇ ಇವರಿಗೆ ಸಾಂಬಾರಿನ ಇಂಗು ತಿಳಿಯುತ್ತಿರಲಿಲ್ಲ. ಮಾಲೀಕರ ಮೂಗು ಇರುವುದು ಕನ್ನಡಕ ನಿಲ್ಲಲಿಕ್ಕೆ ಮಾತ್ರ ಎಂದು ಹೋಟೆಲಿನಲ್ಲಿ ನಾವೆಲ್ಲ ನಗುತ್ತಿದ್ದೆವು.

ವಾಪಸು ಬರುವಾಗ ರಿಕ್ಷಾದಲ್ಲಿ ಇವರು ಮೆಲ್ಲಗೆ ಹೇಳಿದರು, "ಆ ಡಬ್ಬ ಉಂಟಲ್ಲ ಮಾರಾಯ್ತಿ, ಯಶವಂತ ಕೊಟ್ಟದ್ದು."

ಯಶವಂತ ಪಕ್ಕದ ಕಾರ್ಖಾನೆಯವನು, ನಮ್ಮ ಹಳೇ ಗಿರಾಕಿ. ಇಲ್ಲಿ ಹಿಂದಿನ ಕುಂಭಮೇಳ ನಡೆದ ವರ್ಷ ಜಿಡ್ಡು ತೆಗೆಯುವ ನೀರೆಂದು ಪ್ರೀತಿಯಿಂದ ಒಂದು ಡಬ್ಬ ತಂದುಕೊಟ್ಟಿದ್ದ. ಬಟ್ಟೆ ಅದ್ದಿ ಒರೆಸಿದರೆ ಒಲೆಯ ಮೇಲಿನ ಚಿಮಣಿಗೆ ಹಿಡಿದ ಎಣ್ಣೆಯೆಲ್ಲ ಮಾಯ. ಮುಗಿದಾಗಲೆಲ್ಲ ಮತ್ತೆ ತಂದ. ಇವರು ವರ್ಷಗಟ್ಟಲೆ ಬರಿಗೈಯಲ್ಲಿ, ಬಾಗಿಲು ಮುಚ್ಚಿಕೊಂಡು ತಿಕ್ಕಿದರು. ನಿಮ್ಮ ಅಡುಗೆಮನೆ ಎಷ್ಟು ಸ್ವಚ್ಛ ಎಂದು ಜನ ಹೊಗಳಿದರೆ ನಾವು ಉಬ್ಬಿಹೋಗುತ್ತಿದ್ದೆವು.

ಇವರ ಕೈ ಸೋತ ಮೇಲೆ ಆ ಕೆಲಸ ನಿತೀಶನ ಪಾಲಿಗೆ ಬಂದಿತ್ತು. ಅದು ನೆನಪಾದದ್ದೇ ರಿಕ್ಷಾದವನಿಗೆ ಬೇಗ ಹೋಗು ಎಂದೆ. "ಇವತ್ತೇ ಬಿಸಾಡುವ," ಎಂದೆ. ಇವರು ಹೌದೆಂದು ತಲೆಯಾಡಿಸಿದರು.

ಹೋಟೆಲಿನ ಮೆಟ್ಟಿಲು ಹತ್ತುವಾಗಲೇ ಸಾಂಬಾರು ತಳ ಹಿಡಿದ ವಾಸನೆ ಮೂಗಿಗೆ ಬಡಿಯಿತು. ಒಳಗೆ ಓಡಿದೆ. ಡಬ್ಬ ಮುಚ್ಚಳ ಹಾಕಿಕೊಂಡು ಮೂಲೆಯಲ್ಲಿತ್ತು. ನಿತೀಶ ಒಲೆಗೆ ಬೆನ್ನು ಹಾಕಿ, ನೆಮ್ಮದಿಯಾಗಿ ಈರುಳ್ಳಿ ಹೆಚ್ಚುತ್ತಿದ್ದ.

ನಾನು ಗ್ಯಾಸ್ ಆರಿಸಿದೆ. ನನ್ನ ಮುಖ ನೋಡಿ ಅವನು ಚಾಕು ಕೆಳಗಿಟ್ಟ.

"ಕಾಯ್ ಝಾಲಂ, ಎಂತಾಯ್ತು? ಡಾಕ್ಟರ್ ಎಂತ ಹೇಳಿದ್ರು ಅಮ್ಮ?"

"ನಿಂಗೆ ವಾಸನೆ ಬರ್ಲಿಲ್ವಾ ಮಗಾ?"

ಅವನು ಆ ಕಡೆ ಈ ಕಡೆ ನೋಡಿದ.

"ಎಂತದ್ದು?"