ಹಿಂದಿನ ಆಕ್ಸಲ್‌ನ ಸದ್ದು

ಕಲ್ಯಾಣದುರ್ಗ ದಾಟಿ ಸ್ವಲ್ಪ ದೂರ ಬಂದಿದ್ದರು. ಕ್ಯಾಬಿನ್ನಿನ ಹಿಂದಿನ ತಗಡಿಗೆ ತಲೆ ಆನಿಸಿ ತೂಕಡಿಸುತ್ತಿದ್ದ ಅಂಬಮ್ಮ ಥಟ್ಟನೆ ನೆಟ್ಟಗೆ ಕೂತಳು.

"ಗಿರಿಯಣ್ಣ, ಹಿಂದ ಏನೋ ಸದ್ದು ಬರಾಕತ್ತೈತ್ರಿ."

"ಯಾವ ಸದ್ದಮ್ಮ?" ಎಂದ ಲಾರಿ ಓಡಿಸುತ್ತಿದ್ದ ಮೂಡಲಗಿರಿಯಪ್ಪ.

"ಊಂ ಅಂತ. ತಗಡಿನ ಡಬ್ಬ್ಯಾಗ ಜೀರುಂಡಿ ಬಿಟ್ಟಂಗ."

ಅವನು ಕಿವಿಗೊಟ್ಟ. ಎಂಜಿನ್ನಿನ ಗುಡುಗು, ಕಿಟಕಿಯ ಗಾಳಿ, ಅಷ್ಟೇ. "ಏನೂ ಇಲ್ಲ ಕಣಮ್ಮ. ವರ್ಷಗಟ್ಲೆ ಹೊಲಿಗೆ ಮಿಷಿನ್ ತುಳಿದೂ ತುಳಿದೂ ಅದರ ಸದ್ದೇ ನಿನ್ನ ಕಿವೀಲಿ ಕೂತ್ಬಿಟ್ಟೈತೆ" ಎಂದು ನಕ್ಕ.

ಅಂಬಮ್ಮ ನಗಲಿಲ್ಲ. ರಾಯದುರ್ಗದಲ್ಲಿ ರಘುನಾಥ್ ಎಂಬವರ ಜೀನ್ಸ್ ಯೂನಿಟ್ಟಿನಲ್ಲಿ ಅವಳು ಟೈಲರ್ ಆಗಿ ಸೇರಿದವಳು. ಹೊಲಿಗೆ ಕೆಲಸ ಊರಿನ ಶೆಡ್ಡುಗಳಲ್ಲಿ ಹಿಡಿಸದೆ ಹಳ್ಳಿಹಳ್ಳಿಯ ಪಡಸಾಲೆಗೆ ಹರಡಿದ್ದ ವರ್ಷಗಳು ಅವು. ಕತ್ತರಿಸಿದ ಪ್ಯಾಂಟಿನ ತುಂಡುಗಳನ್ನು ಮಡಕಶಿರಾ ಕಡೆಯ ಹೆಂಗಸರಿಗೆ ಹಂಚುವುದು, ಹೊಲಿದದ್ದನ್ನು ವಾಪಸು ತರುವುದು ಈಗ ಅವಳ ಕೆಲಸ. ವಾರಕ್ಕೊಮ್ಮೆ ಈ ಲಾರಿಯಲ್ಲೇ ಹೋಗಿಬರುತ್ತಿದ್ದಳು. ಮೂಡಲಗಿರಿಯಪ್ಪ ಅಗಳಿ ಹತ್ತಿರದ ಹಳ್ಳಿಯವನು. ಹರೆಯದಲ್ಲೇ ಲಾರಿ ಹತ್ತಿದ್ದ. ಹೆಂಡತಿ ಮಂಜಮ್ಮ ಹಳ್ಳಿಯಲ್ಲಿ ಕುರಿ ಸಾಕಿಕೊಂಡು, ಇವನು ರಾಯದುರ್ಗದ ಯೂನಿಟ್ಟಿನ ಗೋಡೌನಿನಲ್ಲೇ ಮಲಗಿಕೊಂಡು, ಹಾಗೆಯೇ ಸಂಸಾರ ಸಾಗಿತ್ತು.

ಏರು ಶುರುವಾಯಿತು. ಅಂಬಮ್ಮ ಮತ್ತೆ ಹೇಳಿದಳು: "ನೋಡ್ರಿ, ಈಗ ಜೋರಾತು. ನೀವು ಕಾಲು ಎತ್ತಿದ್ರ ಸದ್ದು ಬ್ಯಾರೆ ಆಗ್ತೈತಿ. ಒತ್ತಿದ್ರ ಮತ್ತ ಅಳಾಕ ಹತ್ತತೈತಿ."

ಅವನ ನಗು ಅಲ್ಲಿಗೆ ನಿಂತಿತು. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು. ಅದು ಎಲ್ಲಿಂದ ಬರುವ ಸದ್ದು ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಒಮ್ಮೆ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಏನೂ ಕೇಳಲಿಲ್ಲ. ಲಾರಿಯನ್ನು ಹುಣಸೆಮರದ ಕೆಳಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಕೆಳಗೆ ತೂರಿದ.

ಹಿಂದಿನ ಎರಡು ಚಕ್ರಗಳನ್ನು ಸೇರಿಸುವ ಆಕ್ಸಲ್ಲಿನ ನಡುವೆ ಬುರುಡೆಯ ಹಾಗೆ ಉಬ್ಬಿರುವ, ಎಂಜಿನ್ನಿನ ಬಲವನ್ನು ಚಕ್ರಗಳಿಗೆ ಹಂಚುವ ಗೇರುಗಳ ಡಿಫರೆನ್ಶಿಯಲ್ಲಿನ ಮೂತಿಯಲ್ಲಿ ಎಣ್ಣೆ ಜಿನುಗಿ, ಧೂಳು ಮೆತ್ತಿ, ಕಪ್ಪು ಗಡ್ಡ ಬೆಳೆದಂತಿತ್ತು. ಕೈ ಹತ್ತಿರ ಒಯ್ದರೆ ಝಳ ಹೊಡೆಯಿತು. ಸೀಲು ಹೋಗಿ ಒಳಗಿನ ಗೇರಾಯಿಲ್ ಎಷ್ಟು ದಿನದಿಂದ ಸೋರಿತ್ತೋ.

ಅವನು ಬೇಗ ಹೊರಗೆ ಬರಲಿಲ್ಲ. ಗೇರಾಯಿಲ್ ಬದಲಾಯಿಸಲು ಅವನು ಯಾವತ್ತೂ ಕಿಲೋಮೀಟರ್ ನೋಡಿದವನಲ್ಲ. ಸದ್ದು ಒಂಚೂರು ಒರಟಾದರೆ ಸಾಕು, ಬದಲಾಯಿಸಿಬಿಡುತ್ತಿದ್ದ. ಈ ಲಾರಿಗೆ ಕಡೆಯ ಸಲ ಬದಲಾಯಿಸಿದ್ದು ಯಾವಾಗ? ನೆನಪಾಗಲಿಲ್ಲ. ಸದ್ದು ಒರಟಾಗಲೇ ಇಲ್ಲವಲ್ಲ ಎಂದು ಅವನು ನಿಶ್ಚಿಂತೆಯಾಗಿದ್ದ.

"ಏನಾತ್ರಿ ಅಣ್ಣ?" ಅಂಬಮ್ಮ ಅವನ ಬಲಗಡೆಯಿಂದ ಬಗ್ಗಿ ಕೇಳಿದಳು. ಅವಳ ತುಟಿ ಆಡಿದ್ದು ಕಂಡಿತು. ಮಾತು ಅವನು ಊಹಿಸಿಕೊಂಡದ್ದು.

ಮುಂದೆ ಸಿಕ್ಕ ಊರಿನಲ್ಲಿ ಡಬ್ಬಿಯಷ್ಟು ಎಣ್ಣೆ ಸಿಕ್ಕಿತು. ಅದನ್ನೇ ಸುರಿದು ನಿಧಾನವಾಗಿ ಮಡಕಶಿರಾ ತಲುಪಿದರು. ಬಸ್‌ಸ್ಟ್ಯಾಂಡಿನಿಂದ ಆಚೆ ದೊಡ್ಡಬಸಪ್ಪನ ಮೆಕ್ಯಾನಿಕ್ ಶೆಡ್ಡು. ಲಾರಿ ಇನ್ನೂ ರಸ್ತೆಯಲ್ಲಿರುವಾಗಲೇ ಅವನು ಸ್ಪ್ಯಾನರ್ ಹಿಡಿದು ಎದ್ದು ಬಂದ.

"ಅಲ್ಲಣ್ಣಯ್ಯ, ಆ ತಿರುವಿಂದ ಇಲ್ಲೀವರ್ಗೂ ಕೇಳಿಸ್ತು. ಹೆಂಗೆ ಓಡುಸ್ಕಂಡು ಬಂದೆ?"

ಮೂಡಲಗಿರಿಯಪ್ಪ ಕೆಳಗಿಳಿದು ಹಿಂದಿನ ಚಕ್ರಗಳ ಕಡೆ ಕೈ ತೋರಿಸಿದ.

ಎಣ್ಣೆ ಬಿಸಿಯಿದ್ದಾಗಲೇ ಇಳಿಸಬೇಕು, ಆರಿದರೆ ಕೆಸರೆಲ್ಲ ಒಳಗೇ ಕೂರುತ್ತದೆ. ದೊಡ್ಡಬಸಪ್ಪ ಮೊದಲು ಎಣ್ಣೆ ತುಂಬುವ ಮೇಲಿನ ಬೋಲ್ಟು ಬಿಚ್ಚಿ ನೋಡಿದ. ಕೆಳಗಿನದನ್ನು ಮೊದಲು ಬಿಚ್ಚಿ, ಆಮೇಲೆ ಮೇಲಿನದು ಜಪ್ಪಯ್ಯ ಅಂದರೂ ಬರದೆ ಒಣ ಲಾರಿ ಇಟ್ಟುಕೊಂಡು ಕೂತವರನ್ನು ಅವನು ಕಂಡಿದ್ದ. ಆಮೇಲೆ ಎಣ್ಣೆ ಇಳಿಸುವ ಕೆಳಗಿನ ಬೋಲ್ಟು ಬಿಚ್ಚಿದ. ಬಾಂಡ್ಲಿಗೆ ಬಿದ್ದದ್ದು ಅರ್ಧಕ್ಕೂ ಕಡಿಮೆ, ಸುಟ್ಟ ವಾಸನೆಯ ಕರಿ ಎಣ್ಣೆ. ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ ಬೂದಿಯಂಥ ಪುಡಿ ಹತ್ತಿತ್ತು. ಅದರ ನಡುವೆ ಮೀನಿನ ಪೊರೆಯಂಥ ಕಬ್ಬಿಣದ ಚೂರುಗಳು.

"ಪುಡಿ ಆದ್ರೆ ಚಿಂತೆ ಇಲ್ಲ. ಈ ಚೂರು ಬೇರಿಂಗಿಂದು" ಎಂದ ದೊಡ್ಡಬಸಪ್ಪ. "ಆ ಬುರುಡೆ ಹೌಸಿಂಗ್ನೇ ಬಿಚ್ಬೇಕು. ಸಾಮಾನು ಇಲ್ಲಿ ಸಿಗಲ್ಲ, ಬಳ್ಳಾರಿಯಿಂದ ತರುಸ್ಬೇಕು. ನಿಧಾನಕ್ಕೆ ಹೋದ್ರೆ ರಾಯದುರ್ಗ ಮುಟ್ತೀಯ. ಈಗ ಎಣ್ಣೆ ಯಾವ್ದು ಹಾಕ್ಲಿ? ಕಂಪನಿ ಹೇಳಿರೋದು ತೊಂಬತ್ತು ನಂಬರ್." ಅವನು ಹತ್ತಿರ ಬಗ್ಗಿದ. "ನೂರನಲವತ್ತು ಐತೆ, ಅಂಟಿನಂಗೆ ಗಟ್ಟಿ. ಅದು ಹಾಕಿದ್ರೆ ಈ ಅಳು ಅರ್ಧ ಮುಚ್ಚೋಗುತ್ತೆ. ಲಾರಿ ಮಾರೋರು ಅದೇ ಹಾಕುಸ್ತಾರೆ. ನಿನ್ನ ಓನರ್‌ಗೂ ಗೊತ್ತಾಗಲ್ಲ."

ಮೂಡಲಗಿರಿಯಪ್ಪ ಒಂದು ಗಳಿಗೆ ಬಾಂಡ್ಲಿಯನ್ನೇ ನೋಡಿದ. ಸದ್ದು ಇಲ್ಲದಿದ್ದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ನಿನಗ್ಯಾಕೆ ಕೇಳಿಸಲಿಲ್ಲ ಅನ್ನುವ ಪ್ರಶ್ನೆಯಂತೂ ಬರುವುದೇ ಇಲ್ಲ.

"ಗಟ್ಟೀದೇ ಹಾಕು" ಎಂದ.

ಹಳೆ ಎಣ್ಣೆ ಪೂರ್ತಿ ತೊಟ್ಟಿಕ್ಕುವವರೆಗೆ ಕಾಯಬೇಕಿತ್ತು. ಅಷ್ಟರಲ್ಲಿ ಮಂಜಮ್ಮ ಬಂದಳು. ಅವಳೂ ಮನೆಯಲ್ಲಿ ಪ್ಯಾಂಟಿನ ಜೇಬು ಹೊಲಿಯುತ್ತಿದ್ದಳು. ವಾರದ ಗಂಟನ್ನು ಅಂಬಮ್ಮನ ಕೈಗೆ ಒಪ್ಪಿಸಲು ಅಗಳಿಯಿಂದ ಆಟೋದಲ್ಲಿ ಬಸ್‌ಸ್ಟ್ಯಾಂಡಿಗೆ ಬಂದಿದ್ದವಳು ಲಾರಿ ಶೆಡ್ಡಿನ ಕಡೆ ಹೋದದ್ದು ಕಂಡಿದ್ದಳು. ಗಂಟು ಇಳಿಸಿ, ಕಲ್ಲಿನ ಮೇಲೆ ಕೂತಿದ್ದ ಗಂಡನ ಬಲಕ್ಕೆ ನಿಂತು ಕೇಳಿದಳು:

"ಮುದ್ದೆ ತಂದಿವ್ನಿ. ಈಗ ಉಣ್ತೀಯಾ?"

ಅವನು ಬಾಂಡ್ಲಿಯ ಕಡೆಯೇ ನೋಡುತ್ತಿದ್ದ. ಅವಳು ಬುತ್ತಿಯನ್ನು ನೆಲದ ಮೇಲಿಟ್ಟು, ಗೋಡೆಯ ಕಡೆ ಹೋಗಿ ಕೂತಳು. ಅವಳು ಹೋದ ರೀತಿಯಲ್ಲಿ ಸಿಟ್ಟಿರಲಿಲ್ಲ. ಅಭ್ಯಾಸವಿತ್ತು.

ಅಂಬಮ್ಮನಿಗೆ ತಡೆಯಲಾಗಲಿಲ್ಲ. ಎದುರಿಗೆ ಬಂದು ನಿಂತಳು. "ಗಿರಿಯಣ್ಣ, ಅಕ್ಕ ಊಟಕ್ಕ ಕರದ್ರು. ನಿಮಗ ಕೇಳಿಲ್ಲೇನ್ರಿ?"

ಅವನು ತಿರುಗಿ ನೋಡಿದ. ಗೋಡೆಗೆ ಒರಗಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಹೆಂಡತಿ ಕೂತಿದ್ದಳು. ಎದ್ದು ಹೋಗಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಮಂಜೀ, ನೀನು ಕರ್ದಿದ್ದು ನಂಗೆ ಕೇಳಿಸ್ಲಿಲ್ಲ. ಲಾರಿ ಅರಚ್ಕಂತಾ ಇದ್ರೂ ಕೇಳಿಸ್ಲಿಲ್ಲ. ನನ್ನ ಕಿವಿ ಹೋಗೈತೆ."

ಮಂಜಮ್ಮ ಅವನ ಮುಖವನ್ನೇ ನೋಡಿದಳು. "ಯಾವಾಗಿಂದ?"

"ಗೊತ್ತಿಲ್ಲ. ಇವತ್ತು ಗೊತ್ತಾಯ್ತು."

ಅವಳ ಕಣ್ಣು ತುಂಬಿತು. "ನಾನು ಮಾತಾಡ್ದಾಗೆಲ್ಲ ನೀನು ಮಕ ತಿರುಗುಸ್ಕಂಡು ಎದ್ದೋಗ್ತಿದ್ದೆ. ಫೋನ್ ಮಾಡಿದ್ರೆ ಹೂಂ ಹೂಂ ಅಂತ ಇಟ್ಬುಡ್ತಿದ್ದೆ. ನನ್ನ ಮಾತು ಬ್ಯಾಡಾಯ್ತೇನೋ ಅನ್ಕಂಡಿದ್ದೆ. ಅದ್ಕೆ ನಾನೂ ಕಮ್ಮಿ ಮಾಡ್ದೆ."

"ಬ್ಯಾಡ ಅಂತ ಯಾವಾಗ ಅಂದೆ?"

"ಅಂದಿರ್ಲಿಲ್ಲ. ಆದ್ರೆ ನಂಗೆ ಹಂಗೇ ಅನ್ನುಸ್ತು."

ಅವನು ಕಲ್ಲಿನ ಬಳಿ ಉಳಿದಿದ್ದ ಬುತ್ತಿಯನ್ನು ತಂದು ಅವಳ ಮುಂದೆ ಬಿಚ್ಚಿದ. ಮುದ್ದೆ ಮುರಿದು ಒಂದು ತುತ್ತು ಬಾಯಿಗಿಟ್ಟವನು ಅಲ್ಲೇ ನಿಲ್ಲಿಸಿ, ಶೆಡ್ಡಿನ ಕಡೆ ಕೂಗಿದ: "ಬಸಪ್ಪ, ಗಟ್ಟೀದು ಬ್ಯಾಡ. ತೊಂಬತ್ತೇ ಹಾಕು. ಸದ್ದು ಬಂದ್ರೆ ಬರ್ಲಿ."

"ಓನರ್‌ಗೆ ಏನ್ ಹೇಳ್ತೀಯ?" ದೊಡ್ಡಬಸಪ್ಪನೂ ಕೂಗಿಯೇ ಕೇಳಿದ.

"ಇದ್ದದ್ದು ಹೇಳ್ತೀನಿ."

ದೊಡ್ಡಬಸಪ್ಪ ಭುಜ ಕುಣಿಸಿ ಹೊಸ ಡಬ್ಬಿ ತೆರೆದ. ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ವಾಷರ್ ಹಾಕಿ ಕೆಳಗಿನದನ್ನು ಬಿಗಿದ. ಜೇನಿನ ಬಣ್ಣದ ಎಣ್ಣೆಯನ್ನು ಮೇಲಿನ ತೂತಿನಿಂದ ಪಂಪಿನಲ್ಲಿ ತುಂಬಿಸಿದರು. ತೂತಿನ ಅಂಚಿಗೆ ಬಂದು ಸಣ್ಣ ದಾರವಾಗಿ ಹೊರಗಿಳಿದಾಗ ನಿಲ್ಲಿಸಿ, ಒಳಗೆಲ್ಲ ಇಳಿದು ಕೂರಲೆಂದು ಕಾದು, ಮತ್ತೊಂದಿಷ್ಟು ಹಾಕಿ ಮೇಲಿನ ಬೋಲ್ಟನ್ನೂ ಬಿಗಿದರು. ಸೋರುವ ಸೀಲಿಗೆ ಸದ್ಯಕ್ಕೆ ಏನೂ ಮಾಡುವಂತಿರಲಿಲ್ಲ. ದಾರಿಯಲ್ಲಿ ತುಂಬಿಕೊಳ್ಳಲು ದೊಡ್ಡಬಸಪ್ಪ ಒಂದು ಡಬ್ಬಿ ಎಣ್ಣೆ ಕೊಟ್ಟು ಕಳಿಸಿದ.

ವಾಪಸು ದಾರಿಯಲ್ಲಿ ಅಂಬಮ್ಮ ಕಣ್ಣು ಮುಚ್ಚಲಿಲ್ಲ. ಸದ್ದು ಏರಿದರೆ ಅವನ ತೋಳು ತಟ್ಟುವಳು. ಅವನು ನಿಲ್ಲಿಸಿ, ಆರಲು ಬಿಟ್ಟು, ಎಣ್ಣೆ ನೋಡಿ ಹೊರಡುವನು.

ರಾಯದುರ್ಗದಲ್ಲಿ ಅವನು ಎಲ್ಲ ಹೇಳಿದಾಗ ರಘುನಾಥ್‌ಗೆ ಸಿಟ್ಟು ಬಂತು. ಲಾರಿಗಿಂತ ಹೆಚ್ಚಾಗಿ ಇನ್ನೊಂದಕ್ಕೆ. "ಹಾರ್ನ್ ಕೇಳದಿದ್ರ ಏನ್ ಗತಿ ಗಿರಿಯಪ್ಪ? ಪಕ್ಕದಾಗ ಈ ಹೆಣ್ಮಗಳು ಕುಂತಿರ್ತಾಳ. ಕಿವಿ ತೋರಿಸ್ಕೊಂಡು ಬರೋವರೆಗೂ ಸ್ಟೇರಿಂಗ್ ಮುಟ್ಟಬ್ಯಾಡ."

"ನ್ಯಾಯವೇ ಸ್ವಾಮಿ" ಎಂದ ಮೂಡಲಗಿರಿಯಪ್ಪ.

ಡಿಫರೆನ್ಶಿಯಲ್ ಬಿಚ್ಚಿದಾಗ ಬೇರಿಂಗು ಸವೆದಿತ್ತು, ಗೇರಿನ ಹಲ್ಲುಗಳು ಉಳಿದಿದ್ದವು. ಬಳ್ಳಾರಿಯ ಕಿವಿ ಡಾಕ್ಟರು ಅವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಕಿಟಕಿ ಪಕ್ಕದ ಬಲಗಿವಿ ಬಹಳ ಮಂದವಾಗಿದೆ, ಎಡಗಿವಿ ಪರವಾಗಿಲ್ಲ, ಸಣ್ಣ, ಕೀರಲು ಸ್ವರಗಳು ಮಾತ್ರ ಎರಡರಲ್ಲೂ ಹೋಗಿವೆ, ಅವು ಮರಳಿ ಬರುವುದಿಲ್ಲ ಎಂದರು. ಬಲಗಿವಿಗೆ ಕೇಳಿಸುವ ಮಿಷಿನ್ ಕೊಟ್ಟರು. ಹಾರ್ನ್ ಕೇಳುವುದನ್ನು ರಘುನಾಥ್ ತಾವೇ ಬೀದಿಯಲ್ಲಿ ನಿಂತು ಪರೀಕ್ಷಿಸಿ ನೋಡಿದರು. ಆದರೂ ಮಡಕಶಿರಾದ ಉದ್ದ ದಾರಿಗೆ ಬೇರೆ ಡ್ರೈವರ್ ಬಂದ. ಮೂಡಲಗಿರಿಯಪ್ಪನಿಗೆ ಉಳಿದದ್ದು ಊರೊಳಗಿನ ಓಡಾಟ, ಹತ್ತಿರದ ಕಣೇಕಲ್ಲಿನವರೆಗೆ ಹೋಗಿಬರುವುದು. ಅವನಿಗೆ ನೋವಾಯಿತು. ಕೆಲವು ದಿನ ಹಗಲೂ ಗೋಡೌನಿನಲ್ಲೇ ಮಲಗಿದ.

ಆಮೇಲೆ ಮಂಜಮ್ಮನೇ ಫೋನ್ ಮಾಡಿ, ಅವನಿಗೆ ಕೇಳುವಂತೆ ಒಂದೊಂದೇ ಮಾತು ಬಿಡಿಸಿ ಹೇಳಿದಳು. ಕುರಿಗಳನ್ನು ನನ್ನ ತಮ್ಮ ಬೊಮ್ಮಪ್ಪ ನೋಡಿಕೊಳ್ಳುತ್ತಾನೆ, ನಾನು ರಾಯದುರ್ಗಕ್ಕೆ ಬರುತ್ತೇನೆ, ಒಂದು ಕೋಣೆ ನೋಡು.

ಸಾಮಾನು ತರಲು ರಘುನಾಥ್ ಲಾರಿ ಕೊಟ್ಟರು. ಆ ಒಂದು ಸಲ ಉದ್ದ ದಾರಿ ಅವನದೇ. ಹೊಲಿಗೆ ಮಿಷಿನ್, ಟ್ರಂಕು, ರಾಗಿ ಮೂಟೆ ಹಿಂದೆ ಹೇರಿ, ಮಂಜಮ್ಮ ಅವನ ಎಡಕ್ಕೆ ಕೂತಳು. ಅಮರಾಪುರ ಬರುವ ಮುಂಚೆಯೇ ಮಾತು ಶುರು ಮಾಡಿದಳು: ಯಾವ ಕುರಿ ಅವಳಿ ಈದದ್ದು, ಪಕ್ಕದ ಮನೆಯವರ ಜಗಳ, ಮೊನ್ನೆ ಮೊನ್ನೆಯವರೆಗೆ ಹೇಳದೆ ಇಟ್ಟುಕೊಂಡದ್ದೆಲ್ಲ. ಎಂಜಿನ್ ಸದ್ದಿನಲ್ಲಿ ಅಲ್ಲಲ್ಲಿ ಮಾತು ತಪ್ಪುತ್ತಿತ್ತು. ಅವನು ಮೊದಲಿನ ಹಾಗೆ ಹೂಂಗುಟ್ಟಿ ಬಿಡಲಿಲ್ಲ.

"ಏನಂದೆ? ಇನ್ನೊಂದು ಸಲ ಹೇಳು" ಎಂದ.

ಅವಳು ಹತ್ತಿರಕ್ಕೆ ಸರಿದು ಹೇಳಿದಳು.