ನಾಲ್ಕು ಮೂಲೆ ಹಿಡಿಸಿದ ಹಗ್ಗದಕ್ಕ

ಬೆಳಗಾದರೆ ಗರಗಸದ ಕೂಗು. ಮೊದಲು ಸಣ್ಣಗೆ ಗುಂಯ್‌ಗುಟ್ಟಿ, ಮರಕ್ಕೆ ಹಲ್ಲು ತಾಗಿದೊಡನೆ ಚೀರಿ, ದಿಮ್ಮಿ ಎರಡು ಹೋಳಾದ ಮೇಲೆ ನಿಟ್ಟುಸಿರಿನಂತೆ ಇಳಿಯುವ ಆ ಸದ್ದು, ಮರ ಕೊಯ್ಯುವ ಮಿಲ್ಲಿನಿಂದ ಎದ್ದು ನೇರವಾಗಿ ಅದರ ಮೇಲಿನ ಎರಡು ಕೋಣೆಯ ಮನೆಗೆ ಹೋಗುತ್ತದೆ. ಆ ಮನೆಯಲ್ಲಿ ಅರ್ಧ ಆಯುಷ್ಯ ಕಳೆದಿರುವ ಹಗ್ಗದಕ್ಕನಿಗೆ ಮಾತಿನ ನಡುವೆ ನಿಂತುಬಿಡುವುದು ಅಭ್ಯಾಸವಾಗಿ ಹೋಗಿದೆ. ಗರಗಸ ಚೀರುವಾಗ ಮಾತಾಡಿ ಫಲವಿಲ್ಲ. ಅದು ಇಳಿಯುವ ತನಕ ಎದುರಿಗಿದ್ದವರ ಮುಖ ನೋಡುತ್ತ ಸುಮ್ಮನಿರಬೇಕು. ಈಗ ಗರಗಸವಿಲ್ಲದ ಕಡೆಯಲ್ಲೂ, ಫ್ಯಾನೊಂದೇ ತಿರುಗುವ ಸಭಾಕೊಠಡಿಯಲ್ಲೂ, ಆಕೆ ವಾಕ್ಯದ ಮಧ್ಯೆ ನಿಂತು ಕಾಯುತ್ತಾರೆ. ಎದುರಿನವರಿಗೆ ಆ ಮೌನವನ್ನು ತಡೆಯಲಾಗುವುದಿಲ್ಲ. ತುಂಬಲೆಂದು ಏನೋ ಹೇಳಿಬಿಡುತ್ತಾರೆ, ಹಾಗೆ ಬಾಯಿಜಾರಿ ಬಂದದ್ದೇ ಬಹುಮಟ್ಟಿಗೆ ನಿಜವಾಗಿರುತ್ತದೆ.

ಆಕೆಯ ಕೆಲಸ ಸಂಧಾನ. ಒಬ್ಬರು ಕಟ್ಟಲು ಹೊರಟಿದ್ದನ್ನು ಇನ್ನೊಬ್ಬರು ತಡೆದಾಗ, ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು ಕೊನೆಯದಾಗಿ ಒಮ್ಮೆ ಮಾತಾಡಿ ನೋಡಿ ಎಂದು ನಗರ ಯೋಜನಾ ಕಚೇರಿಯವರು ಎರಡೂ ಕಡೆಯವರನ್ನು ಆಕೆಯ ಹತ್ತಿರ ಕಳಿಸುತ್ತಾರೆ. ನೆಲವನ್ನು ಅಳೆಯುತ್ತಿರುವವರ ಹಾಗೆ ಆಕೆಯದು ಸಮನಾದ ನಡಿಗೆ. ಅವಸರವಿದ್ದಾಗ ಹೆಜ್ಜೆ ಉದ್ದವಾಗುವುದಿಲ್ಲ, ಬೇಗಬೇಗ ಬೀಳುತ್ತದೆ, ಅಷ್ಟೆ. ಮೈಮೇಲೆ ಬೂದು ಬಣ್ಣದ ಕೋಟು. ಅದರ ಎಡಜೇಬು ಸದಾ ಉಬ್ಬಿ ಜೋತಾಡುತ್ತಿರುತ್ತದೆ, ಏಕೆಂದರೆ ಅದರಲ್ಲಿ ಉಂಡೆ ಸುತ್ತಿದ ತೆಳುವಾದ ಬಿಳಿಯ ಹಗ್ಗವಿದೆ. ಹೆಸರು ಬಂದದ್ದೂ ಅದರಿಂದಲೇ. ಎರಡೂ ಕಡೆಯವರು ನಿವೇಶನಕ್ಕೆ ಬಂದು, ಬರಲಿರುವ ಕಟ್ಟಡದ ನಾಲ್ಕು ಮೂಲೆಗಳಲ್ಲಿ ಈ ಹಗ್ಗ ಹಿಡಿದು ನಿಲ್ಲುವವರೆಗೆ ಆಕೆ ಯಾರ ವಾದವನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೊಳೆಯುವ ಬೂಟು ತೊಟ್ಟು ಬಂದಿದ್ದ ಮೇಲಧಿಕಾರಿಯೊಬ್ಬರು ಒಮ್ಮೆ ಆಕೆಯ ಮಾತಿಗೆ ಕೆಸರಿನಲ್ಲಿ ಮೂಲೆ ಹಿಡಿದು ನಿಂತದ್ದನ್ನು ಕಚೇರಿಯವರು ಈಗಲೂ ನೆನೆಸಿಕೊಂಡು ನಗುತ್ತಾರೆ. "ಮದುವೆಗೆ ಮುಂಚೆ ನಂಗೂ ಒಂದ್ಸಲ ಹಗ್ಗ ಹಿಡಿಸಿದ್ದಿದ್ರೆ ನಾನೂ ಸ್ವಲ್ಪ ಯೋಚನೆ ಮಾಡ್ತಿದ್ದೆ," ಎಂಬುದು ಆಕೆಯ ಗಂಡನ ಹಳೆಯ ತಮಾಷೆ.

ಕಚೇರಿಯಲ್ಲಿ ಆಕೆಯ ಹೆಸರು ನಿಂತದ್ದು ಆರು ಅಂತಸ್ತಿನ ಒಂದು ಅಪಾರ್ಟ್‌ಮೆಂಟಿನ ತಕರಾರಿನಿಂದ. ಖಾಲಿ ನಿವೇಶನದ ಮುಂಭಾಗ ದೊಡ್ಡ ರಸ್ತೆಗಿತ್ತು, ಹಿಂಭಾಗ ಒಂದು ಇಕ್ಕಟ್ಟಾದ ಓಣಿಗೆ. ಆ ಓಣಿಯಲ್ಲಿ, ನಿವೇಶನದ ಗಡಿಗೇ ಅಂಟಿಕೊಂಡು ಅದರ ಕಡೆಗೆ ತೆರೆದ ಒಂದೇ ಕಿಟಕಿಯ ಮನೆಯಲ್ಲಿ, ಬೀದಿಯವರೆಲ್ಲ ರಫೂ ಚಿಕ್ಕಮ್ಮ ಎಂದು ಕರೆಯುವ ಹೆಂಗಸು ಇದ್ದರು. ಹರಿದ ಬಟ್ಟೆಯನ್ನು ಅದೇ ಬಣ್ಣದ ಎಳೆಗಳಿಂದ ಹೆಣೆದು, ಹರಿದದ್ದೇ ತಿಳಿಯದಂತೆ ಮಾಡಿಕೊಡುವುದು ಅವರ ಕಸುಬು. ದೀಪದ ಕೆಳಗೆ ಕಪ್ಪೂ ಕಡುನೀಲಿಯೂ ಒಂದೇ ಆಗಿ ಕಾಣುವ ಆ ಕೆಲಸಕ್ಕೆ ಆಕಾಶದ ಬೆಳಕೇ ಬೇಕು. ಕಿಟಕಿ ಕತ್ತಲಾದರೆ ಚಿಕ್ಕಮ್ಮನ ಅನ್ನಕ್ಕೇ ಕಲ್ಲು.

ಈ ಬೆಳಕಿಗಾಗಿ ಹೋರಾಟಕ್ಕೆ ಇಳಿದವರು ದೊಡ್ಡ ರಸ್ತೆಯಲ್ಲಿ, ನಿವೇಶನದ ಎದುರು ಮನೆಯಲ್ಲಿದ್ದ ನಿವೃತ್ತ ಮೇಷ್ಟ್ರು. ಮುಖಂಡತನ ಅವರಿಗೆ ಹುಟ್ಟಿನಿಂದಲೇ ಬಂದಂತಿತ್ತು. ಬೀದಿಯ ಗೋಡೆಗಳ ಮೇಲೆಲ್ಲ 'ಚಿಕ್ಕಮ್ಮನ ಬೆಳಕು ಉಳಿಸಿ' ಎಂದು ಬರೆಸಿ, ನಾಲ್ಕು ಅಂತಸ್ತಿಗಿಂತ ಒಂದು ಇಟ್ಟಿಗೆ ಹೆಚ್ಚು ಕಟ್ಟಲು ಬಿಡುವುದಿಲ್ಲವೆಂದು ಪಟ್ಟು ಹಿಡಿದರು. ಆರಕ್ಕಿಂತ ಒಂದು ಇಟ್ಟಿಗೆ ಕಡಿಮೆ ಮಾಡುವುದಿಲ್ಲವೆಂದು ಬಿಲ್ಡರ್ ಹಲ್ಲು ಕಡಿದ. ಕಚೇರಿಯ ಸಭೆಗಳೆಲ್ಲ ಈ ನಾಲ್ಕು ಆರರ ಜಗ್ಗಾಟದಲ್ಲೇ ಮುಗಿದು, ಕೊನೆಗೆ ವಿಷಯ ಹಗ್ಗದಕ್ಕನ ಬಳಿಗೆ ಬಂದಿತು. ಅಲ್ಲಿಯೂ ಮುರಿದುಬಿದ್ದರೆ ಮುಂದೆ ಕೋರ್ಟು; ಅಲ್ಲಿ ಗೆದ್ದರೂ ಬಿಲ್ಡರ್‌ಗೆ ನಷ್ಟವಾಗುವುದು ವರ್ಷಗಳು, ಬೀದಿಯವರು ಸೋತರೆ ನಷ್ಟವಾಗುವುದು ಚಿಕ್ಕಮ್ಮನ ಕಿಟಕಿ.

ಹಗ್ಗದಕ್ಕ ಎಂದಿನಂತೆ ಹಗ್ಗ ಬಿಚ್ಚಿದರು. ರಸ್ತೆಯ ಕಡೆಯ ಒಂದು ಮೂಲೆ ಬಿಲ್ಡರ್‌ನ ಕೈಗೆ, ಇನ್ನೊಂದು ಅವನ ಮೇಸ್ತ್ರಿಯ ಕೈಗೆ. ಓಣಿಯ ಕಡೆಯ ಒಂದು ಮೂಲೆಯನ್ನು ಆಕೆ ತಾವೇ ಹಿಡಿದು ಮತ್ತೊಂದನ್ನು ಮೇಷ್ಟ್ರಿಗೆ ಕೊಟ್ಟರು. ಬಿಲ್ಡರ್‌ನ ಎಂಜಿನಿಯರ್ ನಕ್ಷೆ ನೋಡಿ ಅಳತೆ ಕೂಗತೊಡಗಿದ.

"ಇನ್ನೂ ಹಿಂದೆ, ಸಾರ್."

ಮೇಷ್ಟ್ರು ಹಿಂದೆ ಸರಿದರು.

"ಇನ್ನೂ."

"ಇನ್ನೆಲ್ಲಿಗಪ್ಪಾ? ಹಿಂದೆ ಗೋಡೆ ಇದೆ!"

"ಇನ್ನೊಂಚೂರು ಸಾರ್. ಹಾಂ, ಅಲ್ಲೇ."

ಮೇಷ್ಟ್ರ ಬೆನ್ನಿಗೆ ಏನೋ ತಾಗಿತು. ತಿರುಗಿ ನೋಡಿದರೆ ಕಿಟಕಿಯ ಸರಳು. ಒಳಗೆ, ಮಡಿಲಲ್ಲಿ ಯಾರದೋ ಉಣ್ಣೆಯ ಕೋಟು ಹರವಿಕೊಂಡು, ಸೂಜಿ ಎತ್ತಿ ಹಿಡಿದ ಚಿಕ್ಕಮ್ಮ.

"ಅಷ್ಟು ದೂರ ಬಂದೋರು ಒಳಗೇ ಬಂದ್ಬಿಡಿ ಮೇಷ್ಟ್ರೇ, ಚಹಾ ಮಾಡ್ತೀನಿ," ಎಂದರು ಚಿಕ್ಕಮ್ಮ. "ಇಲ್ಲಾಂದ್ರೆ ಸ್ವಲ್ಪ ಪಕ್ಕಕ್ಕಾದ್ರೂ ಸರೀರಿ. ದಾರದ ಬಣ್ಣ ಕಾಣ್ತಿಲ್ಲ."

ಮೇಷ್ಟ್ರು ಸರಿಯಲಿಲ್ಲ. ತಮ್ಮದೇ ನೆರಳು ಆ ಮಡಿಲಿನ ಮೇಲೆ ಬಿದ್ದಿರುವುದನ್ನು ನೋಡುತ್ತ ನಿಂತುಬಿಟ್ಟರು. ಆಮೇಲೆ ಅವರಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಏನಯ್ಯಾ ಇದು? ಆ ಹೆಂಗಸಿನ ಮೂಗಿನ ಮೇಲೇ ತಂದು ನಿಲ್ಲಿಸಿದ್ದೀಯಲ್ಲ!"

"ನಾನೆಲ್ಲಿ ತಂದೆ ಸಾರ್?" ಬಿಲ್ಡರ್ ರಸ್ತೆಯ ತುದಿಯಿಂದಲೇ ಕೂಗಿದ. "ಮೊದಲನೇ ತಕರಾರಲ್ಲೇ ರಸ್ತೆ ಬಿಟ್ಟು ಹಿಂದಕ್ಕೆ ತಳ್ಳು ಅಂತ ಕೂತೋರು ನೀವು. ಗೆದ್ವಿ ಅಂತ ಬೀದಿಗೆಲ್ಲ ಚಹಾ ಕುಡಿಸಿದ್ರಿ. ನನ್ನ ಅಂಗಡಿ ಸಾಲು ರಸ್ತೆಗೆ ಕಾಣದಂಗಾಯ್ತು, ನಾನು ಯಾರ ಹತ್ರ ಅಳಲಿ?"

ಮೇಷ್ಟ್ರು ರಸ್ತೆಯಾಚೆಯ ತಮ್ಮ ಮನೆಯ ಕಡೆ ನೋಡಿದರು. ಮಾತು ಸುಳ್ಳಾಗಿರಲಿಲ್ಲ. ತಮ್ಮ ಮನೆಯೆದುರು ಗೋಡೆ ಎದ್ದು ನಿಲ್ಲಬಾರದೆಂದು ಹಿಂದೆ ತಳ್ಳಿಸಿದ್ದು, ಹಿಂದೆ ಏನಿದೆಯೆಂದು ಯಾರೂ ಹೋಗಿ ನೋಡದಿದ್ದದ್ದು, ಆಮೇಲೆ ಎಲ್ಲರ ಕಣ್ಣೂ ಅಂತಸ್ತಿನ ಮೇಲೇ ನೆಟ್ಟದ್ದು.

"ಆ ಅರ್ಜಿಗೆ ನಾನೂ ಸಹಿ ಹಾಕಿದ್ದೆ ಬಿಡಿ," ಎಂದರು ಚಿಕ್ಕಮ್ಮ ಕಿಟಕಿಯಿಂದ. "ನೀವು ಹೇಳಿದ ಮೇಲೆ ಸರಿ ಇರುತ್ತೆ ಅಂದ್ಕೊಂಡೆ."

ಆಗ ಹಗ್ಗದಕ್ಕ ಮೇಷ್ಟ್ರ ಕಡೆಗೆ ತಿರುಗಿದರು. "ಹಾಗಾದ್ರೆ ಮೇಷ್ಟ್ರೇ, ಅಂತಸ್ತು ನಾಲ್ಕಕ್ಕೆ ಇಳಿದ್ರೆ ಈ ಕಿಟಕಿಗೆ…" ಎಂದು ನಿಲ್ಲಿಸಿ, ಅವರ ಮುಖವನ್ನೇ ನೋಡುತ್ತ ನಿಂತರು. ಓಣಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಒಂದು ಬಾಗಿಲು ಮುಚ್ಚಿತು.

"ನಾಲ್ಕಾದ್ರೂ ಅಷ್ಟೇ," ಎಂದರು ಮೇಷ್ಟ್ರು. "ಒಂದಾದ್ರೂ ಅಷ್ಟೇ." ಆಮೇಲೂ ಆಕೆ ಸುಮ್ಮನಿದ್ದುದರಿಂದ, "ಮುಂದಕ್ಕೇ ಬರ್ಲಿ. ನಮ್ಮನೆ ಎದುರಿಗೇ ಬರ್ಲಿ," ಎಂದರು.

ಆಕೆ ಬಿಲ್ಡರ್‌ನ ಕಡೆಗೆ ದನಿ ಎತ್ತಿದರು. "ಕೇಳಿಸ್ತಾ? ನಿಮ್ಮ ಅಂಗಡಿ ರಸ್ತೆಗೆ ಬಂತು. ಆದ್ರೆ ಮೇಷ್ಟ್ರ ಮನೆ ಎದುರಿಗೆ ಆರು ಅಂತಸ್ತು ನಿಂತ್ರೆ…"

ಅವನು ತಲೆ ಕೆರೆದುಕೊಂಡ, ಆಕಾಶ ನೋಡಿದ, ಮೇಸ್ತ್ರಿಯ ಮುಖ ನೋಡಿದ. ಯಾರೂ ನೆರವಿಗೆ ಬರಲಿಲ್ಲ. "ಮೇಲಿನದೊಂದು ಬಿಟ್ಟೆ ಹೋಗಿ! ಅಂಗಡಿ ಸಿಕ್ಕಿತಲ್ಲ, ಸಾಕು."

ಮುಂದೆ ನಡೆದದ್ದನ್ನು ನೋಡಲು ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಬಿಲ್ಡರ್, ಮೇಸ್ತ್ರಿ, ಮೇಷ್ಟ್ರು, ಹಗ್ಗದಕ್ಕ, ನಾಲ್ವರೂ ನಾಲ್ಕು ಮೂಲೆಗಳನ್ನು ಬಿಗಿಯಾಗಿ ಹಿಡಿದು, ಹಗ್ಗ ಸಡಿಲವಾಗದಂತೆ ಹೆಜ್ಜೆಗೆ ಹೆಜ್ಜೆ ಕೂಡಿಸಿ, ಕಳೆಗಿಡಗಳನ್ನು ತುಳಿಯುತ್ತ ರಸ್ತೆಯ ಕಡೆಗೆ ಹೊರಟರು. ಐದು ಅಂತಸ್ತಿನ ಒಂದು ಇಡೀ ಕಟ್ಟಡ, ಬಾಗಿಲು ಮೆಟ್ಟಿಲು ನೀರಿನ ಟ್ಯಾಂಕುಗಳ ಸಮೇತ, ಅವರ ನಡುವೆ ತೇಲುತ್ತ ಮುಂದಕ್ಕೆ ನಡೆಯಿತು. "ಇನ್ನೂ ಹೋಗ್ಲಿ! ಇನ್ನೂ!" ಎಂದು ಚಿಕ್ಕಮ್ಮ ಸರಳಿಗೆ ಮುಖ ಒತ್ತಿ ಕೂಗುತ್ತಿದ್ದರು. ಎಂಜಿನಿಯರ್ ಅಳೆದು, ಗುಣಿಸಿ, ಐದನೆಯ ಅಂತಸ್ತಿನ ನೆತ್ತಿಯ ಮೇಲೂ ಆ ಕಿಟಕಿಗೆ ಬೇಕಾದಷ್ಟು ಆಕಾಶ ಉಳಿಯುತ್ತದೆ ಎಂದಾಗ ಓಣಿಗೆ ಓಣಿಯೇ ಚಪ್ಪಾಳೆ ತಟ್ಟಿತು. ಒಪ್ಪಂದಕ್ಕೆ ಸಹಿ ಬಿದ್ದದ್ದು ಕಚೇರಿಯ ಮೇಜಿನ ಮೇಲಲ್ಲ, ಅದೇ ಕಿಟಕಿಯ ಕಟ್ಟೆಯ ಮೇಲೆ, ಒಳ್ಳೆಯ ಬೆಳಕಿನಲ್ಲಿ.

ಈಗ ಆ ಗೆಲುವಿಗೆ ಒಡೆಯರು ಬಹಳ. ಒಂದು ಅಂತಸ್ತು ಇಳಿಸಿದೆವೆಂದು ಬೀದಿಯವರು ಹೇಳುತ್ತಾರೆ, ರಸ್ತೆಯ ಬದಿ ಗಿಟ್ಟಿಸಿದೆನೆಂದು ಬಿಲ್ಡರ್. ಹಗ್ಗದಕ್ಕನ ಮಾತು ಆ ಕತೆಗಳಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸಂಧಾನ ಮಾಡುವವರ ಜಾತಿಯೇ ಅಂಥದ್ದು. ತೀರ್ಪು ಕೊಡುವವರಿಗೆ ಸೋತವರೊಬ್ಬರು ಬೇಕೇಬೇಕು. ಇವರಿಗೆ ಅಂಥವರು ಯಾರೂ ಉಳಿಯಬಾರದು. ಮನುಷ್ಯನಿಗೆ ತನ್ನ ತಪ್ಪು ಕಾಣುವ ಜಾಗಕ್ಕೆ ಅವನನ್ನು ಅವನ ಕಾಲಿನಲ್ಲೇ ನಡೆಸಿಕೊಂಡು ಹೋಗಿ, ಕಂಡ ಗಳಿಗೆಯಲ್ಲಿ ತಾವು ಅದನ್ನು ಬಾಯಿಬಿಟ್ಟು ಎತ್ತಿ ತೋರಿಸದಷ್ಟು ದಾಕ್ಷಿಣ್ಯ ಉಳ್ಳವರು ಅವರು. ಜಗತ್ತಿನಲ್ಲಿ ಎಷ್ಟೋ ಬೀದಿಗಳು ಇನ್ನೂ ಒಟ್ಟಿಗೆ ಬಾಳುತ್ತಿರುವುದು ಇಂಥವರ ದೆಸೆಯಿಂದ.

ಅಂದು ಸಹಿಗಳೆಲ್ಲ ಮುಗಿದ ಮೇಲೆ ಮೇಷ್ಟ್ರು ತುಸು ಸಂಕೋಚದಿಂದಲೇ, "ನಾಲ್ಕು ಮಾತು ಹೇಳಿ ಹೋಗಿ ಅಕ್ಕಾ," ಎಂದರು.

"ಹೇಳೋಕೇನಿದೆ ಮೇಷ್ಟ್ರೇ?" ಹಗ್ಗದಕ್ಕ ಉಂಡೆ ಸುತ್ತುತ್ತ ಆಗಲೇ ಓಣಿಯ ತಿರುವಿನ ಕಡೆಗೆ ಹೆಜ್ಜೆ ಹಾಕಿದ್ದರು. "ಚಿಕ್ಕಮ್ಮನಿಗೆ ಬೆಳಕು ಸಿಕ್ತು, ಅವರಿಗೆ ಅಂಗಡಿ ಸಿಕ್ತು. ಇನ್ನು ಮನೆ ಎದುರಿಗಿದ್ದ ಆಕಾಶಾನ ತಾವಾಗೇ ಬಿಟ್ಟುಕೊಟ್ಟ ನಿಮಗೆ ಸಿಕ್ಕಿದ್ದು ಏನಪ್ಪಾ ಅಂದ್ರೆ…" ಎಂದು ಎಂದಿನಂತೆ ಮಾತಿನ ನಡುವೆ ನಿಲ್ಲಿಸಿ, ತಿರುವು ದಾಟಿ ಹೋದರು.