ಜಡ್ಜಮ್ಮನ ತುಟಿ

ಮಗ್ಗದ ಮನೆಯಲ್ಲಿ ಮಾತನ್ನು ಕಣ್ಣಿನಿಂದ ಕೇಳುತ್ತಾರೆ. ನಾಲ್ಕು ಪವರ್‌ಲೂಮು ಒಟ್ಟಿಗೆ ಬಡಿಯುವಾಗ ಕೂಗಿ ಪ್ರಯೋಜನವಿಲ್ಲ. ಎದುರಿನವರ ತುಟಿ ನೋಡಿಯೇ ಅರ್ಥ ಮಾಡಿಕೊಳ್ಳಬೇಕು. ದೊಡ್ಡಬಳ್ಳಾಪುರದ ಮೇಘನಾ ಮಾತು ಕಲಿತದ್ದು ಹಾಗೆ. ಅವಳ ಅಪ್ಪ ಅಮ್ಮ ಜಗಳವಾಡಿದ್ದೂ ಹಾಗೆಯೇ. ಪಕ್ಕದ ಮನೆಗೆ ಕೇಳಿಸಿದ್ದು ಮಗ್ಗದ ಸದ್ದು ಮಾತ್ರ.

ಆಮೇಲೆ ಅಮ್ಮ ಏರ್‌ಪೋರ್ಟಿನಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿ, ದೇವನಹಳ್ಳಿಯಲ್ಲಿ ಬಾಡಿಗೆಗೆ ಕೋಣೆ ಹಿಡಿದಳು. ಮಗಳು ಯಾರ ಜೊತೆ ಇರಬೇಕೆಂಬುದನ್ನು ಮಗಳನ್ನೇ ಕೇಳೋಣ ಎಂದಿತು ಕೋರ್ಟು.

"ಇಲ್ಲಿ ಹೇಳಿದ್ದು ಹೊರಗೆ ಹೋಗಲ್ಲಮ್ಮ," ಎಂದು ಜಡ್ಜಮ್ಮ ತಮ್ಮ ಕೋಣೆಯ ಬಾಗಿಲು ಹಾಕಿಸಿದರು. ಬಾಗಿಲಿನ ಮೇಲರ್ಧ ಗಾಜು. ಆಚೆಗೆ ಅಪ್ಪ, ಅಮ್ಮ ದೂರ ದೂರ ನಿಂತಿದ್ದರು. ಕೋರ್ಟು ಹೇಳಿತೆಂದರೆ ಕೋರ್ಟನ್ನು ಬೈದುಕೊಳ್ಳುತ್ತಾರೆ. ತಾನು ಹೇಳಿದ್ದೆಂದು ಮಾತ್ರ ತಿಳಿಯಬಾರದು. ಮೇಘನಾ ಕುರ್ಚಿ ತಿರುಗಿಸಿ ಬಾಗಿಲಿಗೆ ಬೆನ್ನು ಹಾಕಿ ಕೂತಳು.

"ಯಾಕಮ್ಮ?"

"ಸುಮ್ನೆ." ಯಾರ ಜೊತೆ ಇರ್ತೀಯ ಎಂದು ಕೇಳಿದ್ದಕ್ಕೆ ಹೇಳಿದಳು: "ಅಮ್ಮನ ಜೊತೆ. ಅಪ್ಪಂಗೆ ಮಗ್ಗ ಐತೆ. ಅಮ್ಮಂಗೆ ಅಲ್ಲಿ ಯಾರೂ ಇಲ್ಲ."

"ಹಾಗಾದ್ರೆ ಅಮ್ಮನ ಜೊತೆ ಇರ್ತೀಯ," ಎಂದರು ಜಡ್ಜಮ್ಮ, ಚಿಕ್ಕಮಕ್ಕಳಿಗೆ ಹೇಳುವಂತೆ ಬಿಡಿಬಿಡಿಯಾಗಿ. ಅವರ ಮುಖ ಬಾಗಿಲ ಕಡೆಗಿತ್ತು.

ಮೇಘನಾ ತಿರುಗಿದಳು. ಅಪ್ಪ ಗಾಜಿನ ಹತ್ತಿರ ಬಂದಿದ್ದ. ಅವನು ನೋಡುತ್ತಿದ್ದುದು ಅವಳನ್ನಲ್ಲ, ಜಡ್ಜಮ್ಮನ ಬಾಯನ್ನು.

"ಮೇಡಂ, ಮಿಕ್ಕಿದ್ದೂ ಹೇಳಿ," ಎಂದಳು.

"ಯಾವುದು?"

"ಮಗ್ಗದ್ದು. ಈಗ ಹೇಳಿದ್ರಲ್ಲ, ಹಂಗೇ ಬಿಡಿಬಿಡಿಯಾಗಿ."

ತಾನು ಕೇಳಿಸಿಕೊಂಡೆನೋ ಇಲ್ಲವೋ ಎಂದು ಹುಡುಗಿ ಪರೀಕ್ಷಿಸುತ್ತಿದ್ದಾಳೆಂದು ಜಡ್ಜಮ್ಮ ತಿಳಿದರು. "ಅಪ್ಪನಿಗೆ ಮಗ್ಗ ಇದೆ. ಅಮ್ಮನಿಗೆ ಅಲ್ಲಿ ಯಾರೂ ಇಲ್ಲ. ಸರೀನಾ?"

"ಸರಿ."

ಹೊರಗೆ ಬಂದಾಗ ಅಪ್ಪ ಕೇಳಿದ: "ಮಗ್ಗ ನನ್ ಜೊತೆ ಊಟಕ್ಕೆ ಕೂತ್ಕೊಳ್ತದೇನೇ?"

ಅದನ್ನು ಮೇಘನಾ ಯೋಚಿಸಿರಲಿಲ್ಲ.

"ಮಗೂನ ಏನ್ ಕೇಳ್ತೀರಿ," ಎಂದಳು ಅಮ್ಮ. "ಹೊಟ್ಟೆ ಹಸ್ದಿರ್ತದೆ ಅದಕ್ಕೆ. ಬನ್ನಿ, ನೀವೂ."

ಕೋರ್ಟಿನ ಎದುರಿನ ಹೋಟೆಲಿನಲ್ಲಿ ಮೂವರೂ ಊಟಕ್ಕೆ ಕೂತರು. ಅಪ್ಪ ಬೇಗ ಮುಗಿಸಿ ಕೈ ತೊಳೆದು ಬಂದ. ಹೊರಡಲಿಲ್ಲ, ಮಗಳ ಊಟ ಮುಗಿಯಲೆಂದು ಎದುರಿಗೇ ಕೂತ. ಮೇಘನಾ ಎಂದೂ ಅಷ್ಟು ನಿಧಾನವಾಗಿ ಉಂಡಿರಲಿಲ್ಲ.